ಕೈಲಾಸಕ್ಕೆ ಹುರಿಹಿಟ್ಟು

ಓಡಿನಲ್ಲಿ ಮರಳು ಕಾದಿತ್ತು. ನೀಲಾಂಬಿಕೆ ಒಂದು ಬೊಗಸೆ ರಾಗಿ ಹಾಕಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಸರಸರನೆ ಆಡಿಸಿದಳು. ಮೊದಲು ಒಂದು ಕಾಳು ಸಿಡಿಯಿತು, ಮತ್ತೊಂದು, ಆಮೇಲೆ ಎಲ್ಲವೂ ಒಟ್ಟಿಗೆ ಬಾಯಿಬಿಟ್ಟು ಕೆಂಪು ರಾಗಿ ಬೆಳ್ಳಗಾಯಿತು. ಕೂಡಲೇ ಇಳಿಸಬೇಕು, ಒಂದು ಗಳಿಗೆ ತಡವಾದರೂ ಸೀದು ಕಹಿಯಾಗುತ್ತದೆ. ಅವಳು ಓಡನ್ನು ಬಗ್ಗಿಸಿ ಒಂದರಿಗೆ ಸುರಿದು ಅಲ್ಲಾಡಿಸಿದಳು. ಮರಳು ಕೆಳಗಿಳಿಯಿತು, ಅರಳು ಮೇಲುಳಿಯಿತು.

"ಇನ್ನೆಷ್ಟು ಉರೀತೀಯ?" ಹಿತ್ತಿಲ ಬಾಗಿಲಲ್ಲಿ ರುದ್ರಯ್ಯ ನಿಂತಿದ್ದ. ಬೆನ್ನ ಮೇಲೆ ಕಲ್ಲು ತುಂಬಿದ ಖಾಕಿ ಚೀಲ. ದಿನಾ ಬೆಳಿಗ್ಗೆ ಅದನ್ನು ಹೊತ್ತು ಶಾಂತಿಗ್ರಾಮದ ರಸ್ತೆಯಲ್ಲಿ ನಡೆದು ಬರುವುದು ಅವನ ಅಭ್ಯಾಸವಾಗಿ ಬಹಳ ದಿನವಾಗಿತ್ತು. ಮೈಯೆಲ್ಲ ಬೆವರು, ಹಣೆಯ ವಿಭೂತಿ ಕರಗಿ ಹುಬ್ಬಿಗಿಳಿದಿತ್ತು.

"ಮೇಷ್ಟ್ರು ಏಳಿದ್ದು ಆಳಿಗೆ ಎಂಟು ಸೇರು ಅಲ್ವಾ? ಇನ್ನೂ ಅರ್ಧಾನೂ ಆಗಿಲ್ಲ."

"ಅರ್ಧ ಸಾಕು."

ಅವಳು ಕಡ್ಡಿ ನಿಲ್ಲಿಸಿದಳು. "ಅರ್ಧ ಅಂದ್ರೆ?"

"ಅರ್ಧ ಅಂದ್ರೆ ಅರ್ಧ ಕಣೇ. ಆಳಿಗೆ ನಾಕು ಸೇರು. ಮೂರು ಜನಕ್ಕೆ ಸಾಕಾಯ್ತದೆ."

ಅಷ್ಟು ಹೇಳಿ ಒಳಗೆ ಹೋದ. ಮೇಷ್ಟ್ರು ಬರುವುದಿಲ್ಲವೆಂದ ಮೇಲೆ ಹೊರಡುವವರು ಗಂಡ ಹೆಂಡತಿ ಇಬ್ಬರೇ. ಮೂರು ಜನ ಎಂದದ್ದು ಅವಳ ಕಿವಿಗೆ ಬಿದ್ದಿತಾದರೂ, ಮೇಷ್ಟ್ರ ಜಾಗಕ್ಕೆ ಯಾರನ್ನೋ ಗೊತ್ತುಮಾಡಿಕೊಂಡಿರಬೇಕು ಎಂದುಕೊಂಡಳು. ಓಡಿನಲ್ಲಿದ್ದ ರಾಗಿ ಸೀದ ವಾಸನೆ ಬಂತು. ಅಷ್ಟು ವರ್ಷ ಹುರಿಹಿಟ್ಟು ಮಾಡಿದವಳ ಕೈಯಲ್ಲಿ ರಾಗಿ ಸೀದದ್ದು ಅದೇ ಮೊದಲು.

ಮೇಷ್ಟ್ರು ಎಂದರೆ ಹೊಳೆನರಸೀಪುರದ ಗೌರೀಶಂಕರ. ರುದ್ರಯ್ಯನ ಜೊತೆ ಓದಿದವರು, ಕಾಶಿಗೆ ಎರಡು ಸಲ ಹೋಗಿ ಬಂದವರು. ಕೈಲಾಸದ ಮಾತು ಎತ್ತಿದ್ದು ರುದ್ರಯ್ಯನಾದರೂ ಅದಕ್ಕೆ ದಾರಿ, ಲೆಕ್ಕ, ಹದ ಎಲ್ಲ ಕೂಡಿಸಿದವರು ಅವರೇ. ಚನ್ನರಾಯಪಟ್ಟಣದ ಈ ಮನೆಯ ಜಗಲಿಯ ಮೇಲೆ ನಕ್ಷೆ ಹಾಸಿಕೊಂಡು ಕೂತರೆ ಅವರಿಗೆ ಕಾಫಿ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಹಾಸನದಲ್ಲಿ ರೈಲು ಹತ್ತಿದರೆ ಮೂರನೇ ಕ್ಲಾಸಿನಲ್ಲೇ ಕೊನೆಯವರೆಗೂ. ತಂಗುವುದು ಧರ್ಮಶಾಲೆಯಲ್ಲಿ. ಅಲ್ಮೋರದಿಂದಾಚೆ ಶ್ರೀಮಂತರು ಕುದುರೆ ಮಾಡುತ್ತಾರೆ, ಕೂಲಿಯವರನ್ನು ಇಟ್ಟುಕೊಳ್ಳುತ್ತಾರೆ. ನಮ್ಮಂಥವರಿಗೆ ಬೆನ್ನೇ ಕುದುರೆ. ಅದಕ್ಕೇ ಹಾಸನದ ಸಂತೆಯಲ್ಲಿ ಮಿಲಿಟರಿಯವರು ಬಿಟ್ಟ ಹಳೆಯ ಖಾಕಿ ಚೀಲಗಳನ್ನು ಹುಡುಕಿ ತಂದಿದ್ದರು. ಹರಿದ ಕಡೆ ನೀಲಾಂಬಿಕೆ ತೇಪೆ ಹಾಕಿದ್ದಳು.

"ಅತ್ತಿಗೆ, ಕಣಿವೆ ದಾಟಿದ್ಮೇಲೆ ಅದು ಪರದೇಶ. ಚೀನಾದವರ ಕೈಲಿರೋ ಟಿಬೇಟು," ಎಂದು ಗೌರೀಶಂಕರ ಅವಳಿಗೆ ವಿವರಿಸಿದ್ದರು. "ಅಲ್ಲಿ ದುಡ್ಡು ಕೊಟ್ರೂ ಊಟ ಸಿಕ್ಕಲ್ಲ. ಆದ್ರೆ ಒಂದು ತಮಾಷೆ ನೋಡಿ, ಅಲ್ಲಿನೋರೂ ನಮ್ಮಂಗೇ ಹುರಿಹಿಟ್ಟು ತಿನ್ನೋ ಜನ. ರಾಗಿ ಬದ್ಲು ಬಾರ್ಲಿ, ಮಜ್ಜಿಗೆ ಬದ್ಲು ಬೆಣ್ಣೆ ಹಾಕಿದ ಟೀ."

"ಅಂಗಾರೆ ಬೀಗರು ಅನ್ನಿ," ಎಂದು ಅವಳು ನಕ್ಕಿದ್ದಳು. ಮಗಳು ಹೋದಮೇಲೆ ಅವಳು ನಕ್ಕದ್ದು ಅವತ್ತೇ ಇರಬೇಕು.

"ಒಂದು ಮಾತು ಮಾತ್ರ ಮರೀಬೇಡಿ," ಎಂದು ಮೇಷ್ಟ್ರು ಬೆರಳೆತ್ತಿದ್ದರು. "ಆಳಿಗೆ ಎಂಟು ಸೇರು ಹಿಟ್ಟು. ಗಡಿಗಿಂತ ಮುಂಚೆ ಗರ್ಬ್ಯಾಂಗ್ ಅಂತ ಕೊನೇ ಹಳ್ಳಿ. ಅಲ್ಲಿ ಯಾರದಾದ್ರೂ ಮನೇಲಿ ಅರ್ಧ ಇಟ್ಟು ಓಗ್ಬೇಕು. ವಾಪಸ್ ಬರೋವಾಗ ಕೈಲಿ ಕಾಸಿರಲ್ಲ, ಮೈಲಿ ಶಕ್ತಿ ಇರಲ್ಲ. ಆ ಅರ್ಧಾನೇ ನಮ್ ಪ್ರಾಣ."

ಆ ಗೌರೀಶಂಕರ ಯುಗಾದಿ ಕಳೆದ ವಾರ ಬಂದು, ಜಗಲಿ ಹತ್ತದೆ ಬೀದಿಯಲ್ಲೇ ನಿಂತು, ತಾವು ಬರುವುದಿಲ್ಲವೆಂದು ಹೇಳಿ ಹೋಗಿದ್ದರು. ಟಿಬೇಟಿನಲ್ಲಿ ಗುಂಡು ಹಾರುತ್ತಿದೆ, ಲಾಮಾಗಳು ಗಡಿ ದಾಟಿ ಓಡಿಬರುತ್ತಿದ್ದಾರೆ ಎಂದು ಪೇಪರಿನಲ್ಲಿ ಬಂದಿತ್ತು. "ಈ ವರ್ಷ ಬ್ಯಾಡ ರುದ್ರಣ್ಣ. ಬೆಟ್ಟ ಎಲ್ಲಿಗೂ ಓಡೋಗಲ್ಲ. ಮುಂದಿನ ವರ್ಷ ನೋಡಾನ."

"ನೀನು ಮುಂದಿನ ವರ್ಷ ಓಗು," ಎಂದಿದ್ದ ರುದ್ರಯ್ಯ.

ಹಿಂದೆ ಅವನು ಹಾಗೆ ಮಾತಾಡುವವನಲ್ಲ. ನೀಲಾಂಬಿಕೆಯ ಎದೆಯಲ್ಲಿ ಕೂತ ಮುಳ್ಳು ಅದೇ. ಬಟ್ಟೆ ಅಂಗಡಿಯ ಮನೆ ಅದು. ಮಾತಿಗೆ ಮಡಿ ಇದ್ದ ಮನೆ. ಅಕ್ಕಿ ಮುಗಿಯಿತು ಎನ್ನಬಾರದು, ಅಕ್ಕಿ ತುಂಬಿದೆ ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಅಂಗಡಿ ಮುಚ್ಚುವುದಿಲ್ಲ, ಬಾಗಿಲು ಮುಂದಕ್ಕೆ ಮಾಡುತ್ತಾರೆ. ಸಂತೆಗೆ ಹೊರಟರೂ ಹೋಗ್ತೀನಿ ಎನ್ನುವಂತಿಲ್ಲ, ಹೋಗ್ಬತ್ತೀನಿ ಎನ್ನಬೇಕು. ಇವೆಲ್ಲ ಹೆಂಗಸರ ಕಟ್ಟಳೆ ಎನ್ನುತ್ತಾರೆ. ಆದರೆ ಈ ಮನೆಯಲ್ಲಿ ಅದನ್ನು ಹೆಚ್ಚು ಪಾಲಿಸುತ್ತಿದ್ದವನು ರುದ್ರಯ್ಯನೇ. ಮಗಳು ಗಂಗಾಂಬಿಕೆ ಚಿಕ್ಕವಳಿದ್ದಾಗ ಒಮ್ಮೆ "ಅಪ್ಪಾ, ಎಣ್ಣೆ ಇಲ್ಲಂತೆ" ಎಂದು ಅಂಗಡಿಗೇ ಬಂದು ಕೂಗಿದ್ದಕ್ಕೆ, ಗಿರಾಕಿಗಳ ಎದುರಿಗೇ ಅವಳ ಕಿವಿ ಹಿಂಡಿ, ಆಮೇಲೆ ತಾನೇ ಕಣ್ಣೀರು ಒರೆಸಿ ಬೆಲ್ಲ ಕೊಡಿಸಿದ್ದ.

ಆ ಗಂಗಾಂಬಿಕೆಯನ್ನು ಅರಕಲಗೂಡಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರಬೇಕಾದ ಹೊತ್ತಿಗೆ ಲಗ್ನದ ಕಾಲ, ಅಂಗಡಿಯಲ್ಲಿ ಸೀರೆ ಪಂಚೆಯ ವ್ಯಾಪಾರ ಬಿಡುವಿಲ್ಲದೆ ನಡೆದಿತ್ತು. "ಈ ಲಗ್ನ ಒಂದು ಕಳೀಲಿ, ಕರ್ಕೊಂಡ್ ಬತ್ತೀನಿ" ಎಂದಿದ್ದ ಅವನು. ಲಗ್ನ ಕಳೆಯುವ ಮುಂಚೆಯೇ ಅವಳಿಗೆ ದಿನ ತುಂಬದೆ ನೋವು ಬಂತು. ಅವರು ಬಸ್ಸಿಳಿದು ಓಡಿ ಹೋಗುವಷ್ಟರಲ್ಲಿ ತಾಯಿ ಮಗು ಎರಡನ್ನೂ ಒಂದೇ ಗುಣಿಯಲ್ಲಿ ಇಳಿಸಿ ಆಗಿತ್ತು.

ನೀಲಾಂಬಿಕೆ ಅತ್ತಳು, ಎದೆ ಬಡಿದುಕೊಂಡಳು, ಗಂಡನನ್ನು ಬಾಯಿಗೆ ಬಂದಂತೆ ಅಂದಳು. ಅಂದು ಅಂದು ಒಂದು ದಿನ ಅವಳಿಗೇ ಸಾಕಾಯಿತು. ರುದ್ರಯ್ಯ ಅಳಲಿಲ್ಲ. ಎರಡು ವರ್ಷ ಅಂಗಡಿಯಲ್ಲಿ ಕೂತು ಮೊಳ ಹಾಕಿದ. ಈ ಸಂಕ್ರಾಂತಿಯಿಂದ ಈಚೆಗೆ, ಒಂದೊಂದಾಗಿ, ಮಾತಿನ ಮಡಿ ಬಿಟ್ಟ. "ದೀಪ ಆರಿಸು" ಎಂದ ಒಂದು ರಾತ್ರಿ. ತಮ್ಮ ಶಿವಯ್ಯನಿಗೆ "ಅಂಗಡಿ ಮುಚ್ಚು, ಬೀಗದ ಕೈ ನಿನ್ ತಾವೇ ಇರ್ಲಿ" ಎಂದ. ಬೆಳಿಗ್ಗೆ ಕಲ್ಲಿನ ಚೀಲ ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತು "ಓಗ್ತೀನಿ" ಎನ್ನುವನು. ಅವಳು ಒಳಗಿನಿಂದ "ಓಗ್ಬನ್ನಿ" ಎಂದು ಗಟ್ಟಿಯಾಗಿ ಕೂಗುವಳು. ಅವನು ಬಿಟ್ಟ ಅರ್ಧ ಮಾತಿಗೆ ಅವಳು ಉಳಿದರ್ಧ ಜೋಡಿಸುವುದು ದಿನದ ಕೆಲಸವೇ ಆಗಿಹೋಗಿತ್ತು.

ಊರಿನವರಿಗೆ ಇದೆಲ್ಲ ಕಾಣುತ್ತಿರಲಿಲ್ಲ. ಅವರಿಗೆ ಕಂಡದ್ದು ಕಲ್ಲು ಹೊತ್ತು ನಡೆಯುವ ಬಟ್ಟೆ ಅಂಗಡಿ ರುದ್ರಣ್ಣ ಮಾತ್ರ.

"ಅಲ್ಲ ಕಣ್ ರುದ್ರಣ್ಣ, ಕೈಲಾಸಕ್ಕೋಗಾಕೆ ಇಷ್ಟೊಂದು ಕಷ್ಟ ಬೀಳ್ಬೇಕಾ?" ಎಂದು ಕೊಬ್ಬರಿ ಮಂಡಿಯ ನಂಜಯ್ಯ ಕೂಗುವನು. "ನಮ್ಮಪ್ಪ ಮಂಚದ್ ಮ್ಯಾಲೆ ಮಲಗಿದ್ದಂಗೇ ಓದ್ನಲ್ಲೋ!"

"ನಿಮ್ಮಪ್ಪ ಪುಣ್ಯವಂತ ಕಣಯ್ಯ. ನಾವು ನಡೀಬೇಕು," ಎನ್ನುವನು ರುದ್ರಯ್ಯ. ಮಂಡಿಯವರೆಲ್ಲ ಗೊಳ್ಳೆಂದು ನಗುವರು. ಅವನು ನಗುತ್ತಿರಲಿಲ್ಲ.

ಆ ನಗೆಯೇ ಅವತ್ತು ನುಗ್ಗೇಹಳ್ಳಿಯವರೆಗೂ ಹೋಗಿ ಅಳುವಾಗಿ ತಿರುಗಿ ಬಂತು. ನೀಲಾಂಬಿಕೆ ಅರಳನ್ನು ಬೀಸುವ ಕಲ್ಲಿಗೆ ಸುರಿಯುತ್ತಿದ್ದಾಗ ಬೀದಿಯ ತುದಿಯಿಂದ ಗೋಳು ಕೇಳಿಸಿತು. "ಅಯ್ಯೋ ನನ್ ತಮ್ಮಾ! ನನ್ ಒಡುಟ್ಟಿದವ್ನೇ! ಅಕ್ಕನ್ ಬುಟ್ಟು ಓಗ್ಬುಟ್ಟೇನೋ!" ನುಗ್ಗೇಹಳ್ಳಿಗೆ ಕೊಟ್ಟಿದ್ದ ರುದ್ರಯ್ಯನ ಅಕ್ಕ ಗುರುಸಿದ್ದಮ್ಮ, ಸೆರಗು ಜಾರಿದ್ದೂ ಗೊತ್ತಾಗದೆ, ಬಸ್ಸಿಳಿದವಳು ಹಾಗೆಯೇ ಓಡಿ ಬರುತ್ತಿದ್ದಳು. ಜಗಲಿಯ ಕಡೆ ನೋಡದೆ ಸೀದಾ ಒಳನುಗ್ಗಿ, ಹಿಟ್ಟಿನ ಕೈಯಲ್ಲಿ ಎದ್ದು ನಿಂತ ನೀಲಾಂಬಿಕೆಯ ಎರಡೂ ಮುಂಗೈ ಹಿಡಿದುಕೊಂಡಳು. "ನಿನ್ ಅಣೇಬರಾ ಇಂಗಾಯ್ತೇನೇ ನನ್ ತಾಯಿ!"

ಹಿಡಿದ ರಭಸಕ್ಕೆ ಎಡಗೈಯ ಒಂದು ಹಸಿರು ಬಳೆ ಪಟ್ಟೆಂದಿತು.

"ಅಕ್ಕಯ್ಯ, ಏನಾಯ್ತು? ಯಾರಿಗೇನಾಯ್ತು?"

"ಯಾರಿಗೇನಾಯ್ತು ಅಂತ ಕೇಳ್ತೀಯಲ್ಲೇ? ನನ್ ತಮ್ಮ ಕೈಲಾಸಕ್ಕೋದ್ನಂತಲ್ಲೇ! ಕೊಬ್ಬರಿ ಗಾಡಿಯೋನು ಏಳ್ದ!"

"ಇನ್ನೂ ಓಗಿಲ್ಲ ಕಣಕ್ಕ. ಓಯ್ತೀನಿ," ಎಂದಿತು ಜಗಲಿಯಿಂದ ಒಂದು ದನಿ.

ಗುರುಸಿದ್ದಮ್ಮ ತಿರುಗಿ ನೋಡಿದಳು. ತಮ್ಮ ಕಂಬಕ್ಕೊರಗಿ ಚೀಲದ ಪಟ್ಟಿಗೆ ದಾರ ಪೋಣಿಸುತ್ತಿದ್ದ. ಅವಳ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಮರುಗಳಿಗೆ ಕಾಲಬಳಿಯಿದ್ದ ಮೊರ ಎತ್ತಿಕೊಂಡು ಅವನ ಬೆನ್ನಿಗೆ ಬಾರಿಸಿದಳು. "ಥೂ ನಿನ್ನ ಮಕಕ್ಕೆ! ಬಸ್ನಲ್ಲಿ ಎಲ್ಲಾರ್ ಮುಂದೂ ಎದೆ ಬಡ್ಕೊಂಡ್ ಬಂದ್ನಲ್ಲೋ ಮುಂಡೇದೇ! ಕಂಡಕ್ಟ್ರು ಪಾಪ ಅಂತ ಟಿಕೀಟೂ ಇಸ್ಕಂಡಿಲ್ಲ!"

ಮೂವರೂ ನಕ್ಕರು. ಗುರುಸಿದ್ದಮ್ಮ ನಗುತ್ತಲೇ ಬಳೆಯ ಚೂರುಗಳನ್ನು ಆರಿಸುತ್ತ, "ಬಳೆ ಎಚ್ಚಾಯ್ತು ಕಣೇ ನೀಲಿ, ತಪ್ಪು ತಿಳೀಬ್ಯಾಡ" ಎಂದಳು.

"ಒಡೀತು ಅನ್ನಕ್ಕ," ಎಂದ ರುದ್ರಯ್ಯ, ದಾರದಿಂದ ಕಣ್ಣೆತ್ತದೆ. "ಒಡೆದಿದ್ದಕ್ಕೆ ಒಡೀತು ಅಂತಾನೇ ಅನ್ಬೇಕು. ನೀನು ಅತ್ತಿದ್ದೂ ದಂಡ ಏನಲ್ಲ ಬುಡು. ಮುಂದೆ ಅಳೋದ ಇವತ್ತೇ ಅತ್ತು ಮುಗಿಸ್ದೆ."

ನೀಲಾಂಬಿಕೆಯ ನಗು ಅಲ್ಲಿಗೆ ನಿಂತಿತು. ಗುರುಸಿದ್ದಮ್ಮ ಅದನ್ನೂ ತಮಾಷೆಯೆಂದೇ ತಿಳಿದು ಅವನಿಗೆ ಇನ್ನೊಂದು ಏಟು ಹಾಕಿದಳು. ನೀಲಾಂಬಿಕೆ ಮುಂಗೈ ನೋಡಿಕೊಂಡಳು. ಗಾಜು ತಾಗಿದ ಕಡೆ ರಕ್ತ ಸಣ್ಣಗೆ ಜಿನುಗಿ ಹಿಟ್ಟಿನೊಳಗೆ ಕಲೆತಿತ್ತು.

ಉಂಡು ಹೊರಡುವಾಗ ಗುರುಸಿದ್ದಮ್ಮನ ಕೈಗೆ ಅವನು ಹಸುವಿನ ಹಗ್ಗ ಕೊಟ್ಟ. ಹೆಂಡತಿಗೆ ಒಂದು ಮಾತೂ ಹೇಳಿರಲಿಲ್ಲ.

"ನೀವ್ ಬರೋಗಂಟ ನೋಡ್ಕತೀನಿ ಬುಡು," ಎಂದಳು ಅಕ್ಕ. "ಯಾರದಾದ್ರೂ ಗಾಡಿ ಹಿಂದೆ ಒಡ್ಕಂಡ್ ಓಯ್ತೀನಿ. ಬಂದೇಟ್ಗೆ ಏಳ್ಕಳ್ಸು, ಕರಾ ಸಮೇತ ತಂದ್ ಬುಡ್ತೀನಿ."

"ಬ್ಯಾಡ. ನಿಂಗೇ ಇರ್ಲಿ."

"ಪುಣ್ಯವಂತೆ ಕಣೇ ನೀನು," ಎಂದು ಗುರುಸಿದ್ದಮ್ಮ ನೀಲಾಂಬಿಕೆಯ ಗಲ್ಲ ಸವರಿದಳು. "ಯಾವ ಗಂಡ ಎಂಡ್ರುನ್ನ ಕೈಲಾಸಕ್ಕೆ ಕರ್ಕಂಡ್ ಓದಾನು? ಬತ್ತೀನಿ."

ಹಸು ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ತಿರುಗಿ ಅಂಬಾ ಎಂದಿತು.

ಮಧ್ಯಾಹ್ನ ರುದ್ರಯ್ಯ ಅಂಗಡಿಯ ಕಡೆ ಹೋದಮೇಲೆ ಅವಳು ಅವನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಟ್ಟಿಗೆ ಅವನು ಹಾಕಿದ ಹೊಲಿಗೆ ನೋಡಿದರೆ ಹಾಸನದವರೆಗೂ ತಡೆಯುವಂತಿರಲಿಲ್ಲ. ಬಿಚ್ಚಿ ಹೊಸದಾಗಿ ಹಾಕಬೇಕಿತ್ತು. ಕಲ್ಲುಗಳನ್ನು ಒಂದೊಂದಾಗಿ ಹೊರಗಿಟ್ಟಳು. ತಳದಲ್ಲಿ ಕಲ್ಲಲ್ಲದ, ಮೆತ್ತಗಿನ, ಆದರೆ ಭಾರವಾದ ಒಂದು ಗಂಟು ಕೈಗೆ ಸಿಕ್ಕಿತು.

ಹಳದಿ ಹೂವಿನ ರವಿಕೆ ಕಣ. ಗಂಗಾಂಬಿಕೆಯ ಸೀಮಂತಕ್ಕೆಂದು ಅಂಗಡಿಯಿಂದ ತೆಗೆದಿರಿಸಿದ್ದು. ಹೊಲಿಸುವ ಗಳಿಗೆ ಬರಲೇ ಇಲ್ಲ. ಬಿಚ್ಚಿದಳು. ಒಳಗೆ ಮಣ್ಣು. ಅರಕಲಗೂಡಿನ ಕಡೆಯ ಕೆಮ್ಮಣ್ಣು, ಅದರಲ್ಲಿ ಗರಿಕೆಯ ಒಣಗಿದ ಬೇರು. ಹೋದ ತಿಂಗಳು ಅವನು ಬಾಕಿ ವಸೂಲಿಗೆಂದು ಅರಕಲಗೂಡಿನ ಪಕ್ಕದ ಮಲ್ಲಿಪಟ್ಟಣಕ್ಕೆ ಹೋಗಿ, ಮೊಣಕಾಲೆಲ್ಲ ಕೆಂಪು ಮಾಡಿಕೊಂಡು ಬಂದದ್ದು ನೆನಪಾಯಿತು.

ಮೂರು ಜನ.

ಮೇಷ್ಟ್ರ ಜಾಗಕ್ಕೆ ಅವನು ಯಾರನ್ನೂ ಗೊತ್ತುಮಾಡಿರಲಿಲ್ಲ. ಮೂರನೆಯವಳು ಎಷ್ಟೋ ದಿನದಿಂದ ಅವನ ಬೆನ್ನಿನ ಮೇಲೇ ಇದ್ದಳು. ಲಗ್ನ ಕಳೀಲಿ ಎಂದು ಕರೆತರದೆ ಹೋದವಳನ್ನು ಈಗ ಕರೆದುಕೊಂಡು ಹೋಗುತ್ತಿದ್ದ. ಹೋಗುವುದಕ್ಕೆ ಅರ್ಧ ಹಿಟ್ಟು ಸಾಕು.

ಅವಳು ಗಂಟನ್ನು ಮೊದಲಿದ್ದಂತೆಯೇ ಕಟ್ಟಿದಳು. ಕಟ್ಟುವ ಮುಂಚೆ ಒಂದು ಚಿಟಿಕೆ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡಳು. ಪಟ್ಟಿಯನ್ನು ಎರಡೆಳೆ ದಾರದಲ್ಲಿ ಬಿಗಿಯಾಗಿ ಹೊಲಿದು, ಕಲ್ಲುಗಳನ್ನು ಅದೇ ಕ್ರಮದಲ್ಲಿ ತುಂಬಿದಳು.

ಸಂಜೆ ಅವನು ಬಂದು ಕಾಲು ತೊಳೆಯುವಾಗ ನೀರು ಹಾಕುತ್ತ ಕೇಳಿದಳು. "ಏನೂಂದ್ರೆ, ಬರೋ ದಾರೀಗೆ ಇಟ್ಟು?"

ಅವನು ಒಂದು ಪಾದದಿಂದ ಇನ್ನೊಂದನ್ನು ಉಜ್ಜುತ್ತಲೇ ಇದ್ದ. "ಭಾರ ಆಯ್ತದೆ. ನಿನ್ ಬೆನ್ನು ತಡೀಬೇಕಲ್ಲ."

"ತಡೀತದೆ."

"ಬೇಕಾಗಲ್ಲ ನೀಲಾ," ಎಂದ. ಎರಡು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದಿರಲಿಲ್ಲ. ದನಿ ತೀರ ಮೃದುವಾಗಿತ್ತು. ಮದುವೆಯಾದ ಹೊಸದರಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ ಕೊಡುವಾಗ ಇರುತ್ತಿದ್ದ ದನಿ. "ಕೈಲಾಸದ ತಾವಿರೋ ಆ ಸರೋವರದ ದಡದಲ್ಲಿ ಭಾಳ ತಣ್ಣಗಿರ್ತದಂತೆ. ಕೂತ್ರೆ ನಿದ್ದೆ ಬಂದಂಗಾಯ್ತದಂತೆ. ಮೇಷ್ಟ್ರು ಏಳ್ತಿದ್ದ."

ಅವಳು ತಂಬಿಗೆಯಲ್ಲಿದ್ದ ಕೊನೆಯ ನೀರನ್ನು ಅವನ ಕಾಲಿಗೆ ಹಾಕಿದಳು.

ಶಿವಯ್ಯನಿಗೆ ಹೇಳಬಹುದಿತ್ತು. ಹೇಳಿದರೆ ನಾಲ್ಕು ಜನ ಸೇರಿ ಬುದ್ಧಿ ಹೇಳುವರು, ಚೀಲ ಕಿತ್ತಿಡುವರು, ಅಂಗಡಿಯಲ್ಲಿ ಕೂರಿಸುವರು. ಹಾಗೆ ಕೂತವನನ್ನು ಅವಳು ಎರಡು ವರ್ಷ ಕಂಡಿದ್ದಳು. ಅವನು ಮೊಳ ಹಾಕುತ್ತಿದ್ದ, ಉಣ್ಣುತ್ತಿದ್ದ, ಇರುತ್ತಿರಲಿಲ್ಲ. ನಾನು ಬರುವುದಿಲ್ಲ ಎನ್ನಬಹುದಿತ್ತು. ಎಂದರೆ ಅವನು ಒಬ್ಬನೇ ಹೋಗುವನು, ಮಗಳನ್ನು ಬೆನ್ನಿಗೆ ಹಾಕಿಕೊಂಡು. ಆ ಮಣ್ಣು ನೀರಿಗೆ ಬೀಳುವಾಗ ಹೆತ್ತವಳು ಅಲ್ಲಿ ಇರಬೇಡವೇ?

ಜೊತೆಗೆ ಹೋಗುವುದು, ಅವನು ಕೂತಲ್ಲಿ ಕೂರುವುದು. ಗುರುಸಿದ್ದಮ್ಮ ಪುಣ್ಯವಂತೆ ಎಂದದ್ದು ಅದನ್ನೇ. ಅವಳೂ ಒಂದು ಗಳಿಗೆ ಆ ತಣ್ಣನೆಯ ದಡವನ್ನು ಮನಸ್ಸಿಗೆ ತಂದುಕೊಂಡಳು, ಕರೆದಂತೆಯೂ ಆಯಿತು. ಅಷ್ಟರಲ್ಲಿ ಅಡುಗೆಮನೆಯ ಮೂಲೆಯಲ್ಲಿ, ಬೂದಿ ಬೆರೆಸಿಟ್ಟ ಅವರೆ ಬೀಜದ ಮಡಕೆಯ ಮೇಲೆ ಕಣ್ಣು ಬಿತ್ತು. ಇದನ್ನೂ ಯಾರಿಗಾದರೂ ಕೊಟ್ಟುಬಿಡು ಎಂದಿದ್ದ ಅವನು. ಇವಳು ಮರೆತಿದ್ದಳು. ಪುಷ್ಯ ಮಾಸದ ಚಳಿಯಲ್ಲಿ, ಇಬ್ಬನಿ ಬಿದ್ದ ಸೊಗಡಿನ ಕಾಯಿ ಸುಲಿದರೆ ಬೆರಳಿಗೆ ಅಂಟುವ ಎಣ್ಣೆ, ಮೂರು ದಿನ ತೊಳೆದರೂ ಹೋಗದ ಆ ವಾಸನೆ. ಇನ್ನೊಂದು ಸಲ ಆ ಸಾರು ಉಣ್ಣಬೇಕು ಎನ್ನಿಸಿತು. ಎನ್ನಿಸಿದ್ದಕ್ಕೆ ನಾಚಿಕೆಯಾಯಿತು. ಮಗಳು ಮಣ್ಣಾಗಿ, ಗಂಡ ಹೀಗಾಗಿರುವಾಗ, ಅವರೆಕಾಯಿ! ನಾಚಿಕೆಯಾದರೂ ಆಸೆ ಹೋಗಲಿಲ್ಲ. ಬದುಕಬೇಕೆನ್ನಲು ಅದಕ್ಕಿಂತ ದೊಡ್ಡ ಕಾರಣ ಯಾವುದನ್ನೂ ಅವಳು ಹುಡುಕಿ ತರಲಾರಳು.

ಅವಳು ಹಿತ್ತಿಲಿಗೆ ಹೋಗಿ ಒಲೆಗೆ ಮತ್ತೆ ತೆಂಗಿನ ಗರಿ ತುರುಕಿದಳು. ನೆನೆದು ಆರಿದ ಉಳಿದ ರಾಗಿಯನ್ನೆಲ್ಲ ಹುರಿದು ಬೀಸಿ, ಇಬ್ಬರ ಬರುವ ದಾರಿಗೆ ಆಗುವಷ್ಟು ಹಿಟ್ಟನ್ನು ಆಳಿಗೊಂದರಂತೆ ಎರಡು ಬಟ್ಟೆಯಲ್ಲಿ ಗಂಟು ಕಟ್ಟಿದಳು. ತನ್ನ ಚೀಲದ ತಳಕ್ಕೆ ಎರಡನ್ನೂ ಇಟ್ಟು, ಮೇಲೆ ಹೋಗುವ ದಾರಿಯದನ್ನು ಇಟ್ಟು, ಕಂಬಳಿ ಮಡಚಿ ತುಂಬಿದಳು. ನೆಲದ ಮೇಲೆ ಕೂತು ಪಟ್ಟಿಯೊಳಗೆ ತೋಳು ತೂರಿಸಿ ಏಳಲು ನೋಡಿದಳು. ಆಗಲಿಲ್ಲ. ಕಂಬ ಹಿಡಿದು ಇನ್ನೊಮ್ಮೆ ನೋಡಿದಳು. ಅರ್ಧ ಎದ್ದವಳು ಕುಸಿದು ಕೂತಳು. ಮೂರನೆಯ ಸಲ ಸೊಂಟದಲ್ಲಿ ಏನೋ ಹೊರಳಿದಂತಾಯಿತು.

ಬಹಳ ಹೊತ್ತು ಹಾಗೆಯೇ, ಭಾರ ಬೆನ್ನಿಗೆ ಕಟ್ಟಿಕೊಂಡೇ, ಗೋಡೆ ನೋಡುತ್ತ ಕೂತಿದ್ದಳು. ಆಮೇಲೆ ಚೀಲ ಇಳಿಸಿ, ಕಂಬಳಿ ತೆಗೆದು, ತಳಕ್ಕೆ ಕೈ ಹಾಕಿ ಎರಡು ಗಂಟಿನಲ್ಲಿ ಒಂದನ್ನು ಹೊರಗೆ ತೆಗೆದಳು. ಅದರಲ್ಲಿದ್ದ ಹಿಟ್ಟನ್ನು ಡಬ್ಬಕ್ಕೆ ಸುರಿದಳು. ಖಾಲಿ ಬಟ್ಟೆಯಲ್ಲಿ ಒಂದು ಹಿಡಿ ಅವರೆ ಬೀಜ ಕಟ್ಟಿ ಅಡುಗೆಮನೆಯ ಅಟ್ಟದ ಮೇಲೆ, ಹೊಗೆ ತಾಗುವ ಕಡೆ ಇಟ್ಟಳು. ಉಳಿದ ಒಂದು ಗಂಟಿನ ಮೇಲೆ ಚೀಲದ ಒಳಬಟ್ಟೆ ಎಳೆದು ಸುತ್ತಲೂ ಹೊಲಿದಳು. ಈಗ ಚೀಲ ಹೊತ್ತರೆ ಭಾರವೇ, ಆದರೆ ಏಳಲು ಬಂತು.

ಅವನು ಆ ದಡದಿಂದ ಎದ್ದು ಬಂದರೆ ಅದರಲ್ಲೇ ಅರೆಹೊಟ್ಟೆ ಹಂಚಿಕೊಂಡಾರು. ಬರದಿದ್ದರೆ...

"ಇಟ್ಟೆಲ್ಲ ಮುಗೀತಾ?" ಜಗಲಿಯಿಂದ ರುದ್ರಯ್ಯ ಕೇಳಿದ.

ನೀಲಾಂಬಿಕೆ ಹಲ್ಲಿನಿಂದ ದಾರ ಕಡಿದಳು.

"ತುಂಬೈತೆ," ಎಂದಳು.